ನಿಮ್ಮ ಉಣ್ಣೆ ಲೇಖನದ ಬಗ್ಗೆ

ನಮಸ್ಕಾರ. ರಕ್ತ ಹೀರುವ ಉಣ್ಣೆಗಳ ಬಗ್ಗೆ ನೀವು ಬರೆದ ‘ಭಾರತದ ಉಣ್ಣೆಗಳು, ಅವು ಬದುಕುವ ಪ್ರಾಣಿಗಳು’ ಲೇಖನ ತಲುಪಿದೆ. ಭಾಷೆ ಸಲೀಸಾಗಿದೆ. ಕೇರೆಹಾವು, ಉಡಗಳಿಗೆ ಹತ್ತುವ ಆಂಬ್ಲಿಯೊಮ್ಮಾ ಗರ್ವೈಸಿ ಉಣ್ಣೆಯ ಭಾಗ ಚೆನ್ನಾಗಿದೆ.

ಆದರೆ ಹೀಮಫೈಸಾಲಿಸ್ ಸ್ಪಿನಿಜೆರಾ ಬಗ್ಗೆ ಬರೆದ ಮೂರು ಸಾಲು ಓದಿ ಬೇಜಾರಾಯಿತು. ನಾನು ಮಲೆನಾಡಿನವನು. ಮಂಗನ ಕಾಯಿಲೆ ತರುವ ಉಣ್ಣೆ ಇದು. ಹಾಗಾಗಿ ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಹೇಳುತ್ತೇನೆ.

‘ಇದು ಮಂಗಗಳ ಮೇಲೆ ಬದುಕುವ ಉಣ್ಣೆ.’ ಅಷ್ಟೇನಾ? ಈ ಉಣ್ಣೆ ಹುಟ್ಟಿದ ಮೇಲೆ ಮೂರು ಸಲ ರಕ್ತ ಕುಡಿಯುತ್ತದೆ. ಪ್ರತಿ ಸಲ ಬೇರೆ ಪ್ರಾಣಿ. ಆರು ಕಾಲಿನ ಮರಿ ಇಲಿ, ಸುಂಡಿಲಿ, ಕಾಡುಕೋಳಿಯಂಥ ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದನ್ನು ಹತ್ತುತ್ತದೆ. ಕುಡಿದು ಉದುರಿ, ಪೊರೆ ಬಿಟ್ಟು, ಎಂಟು ಕಾಲಿನ ಎಳೆ ಉಣ್ಣೆಯಾಗಿ ಮತ್ತೆ ಕಾಯುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎಳೆಯದೇ. ಬೆಳೆದದ್ದಕ್ಕೆ ದೊಡ್ಡ ಪ್ರಾಣಿ ಬೇಕು. ಅಂದರೆ ಮುಖ್ಯವಾಗಿ ದನ. ನೀವು ದನದ ಹೆಸರೇ ಎತ್ತಿಲ್ಲ! ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಊರಂಚಿನ ಕಾಡಿನಲ್ಲಿ ಉಣ್ಣೆ ಹೆಚ್ಚುವುದೇ ಹೀಗೆ.

‘ಮರದಿಂದ ಜಿಗಿದು ಕಚ್ಚುತ್ತದೆ.’ ಉಣ್ಣೆ ಜಿಗಿಯುವುದಿಲ್ಲ, ಹಾರುವುದೂ ಇಲ್ಲ. ಹುಲ್ಲಿನ ತುದಿಗೋ ಗಿಡದ ಎಲೆಗೋ ಹತ್ತಿ, ಮುಂಗಾಲು ಚಾಚಿ ಕಾಯುತ್ತದೆ. ನಮ್ಮ ಉಸಿರು, ಮೈಯ ಬಿಸಿ ಆ ಕಾಲುಗಳಿಗೇ ಗೊತ್ತಾಗುತ್ತದೆ. ತಾಗಿದ ಕೂಡಲೇ ಅಂಟಿಕೊಳ್ಳುತ್ತದೆ. ಕಾಡಿನಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗುವವರು ನಿಮ್ಮ ಮಾತು ನಂಬಿ ಮರ ನೋಡಿಕೊಂಡು ನಡೆದರೆ ಕಾಲಿಗೆ ಹತ್ತಿದ್ದು ಕಾಣುತ್ತದಾ?

‘ಮಂಗಗಳು ಈ ಕಾಯಿಲೆ ಹರಡುತ್ತವೆ.’ ಇಲ್ಲಿ ನನಗೆ ಸಿಟ್ಟೇ ಬಂತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬಿದ್ದಿದ್ದರಿಂದಲೇ ಈ ಕಾಯಿಲೆ ಗೊತ್ತಾಗಿದ್ದು. ಅವೂ ನಮ್ಮ ಹಾಗೆ ನರಳುತ್ತವೆ. ಅವುಗಳ ರಕ್ತದಲ್ಲಿ ವೈರಸ್ ಹೆಚ್ಚುವುದು ನಿಜ, ಅದನ್ನು ಕುಡಿದ ಉಣ್ಣೆಗೆ ದಾಟುವುದೂ ನಿಜ. ಮಂಗ ಸತ್ತಾಗ ಉಣ್ಣೆಗಳು ಮೈಬಿಟ್ಟು ಸುತ್ತ ಹರಡುತ್ತವೆ. ಹೆಣ ಬಿದ್ದ ಜಾಗದ ಸುತ್ತ ಔಷಧಿ ಹೊಡೆಯುವುದು ಅದಕ್ಕೇ. ಆದರೆ ನಮ್ಮನ್ನು ಕಚ್ಚುವುದು ಉಣ್ಣೆ. ನಿಮ್ಮ ಸಾಲು ಓದಿ ಯಾರಾದರೂ ಮಂಗ ಹೊಡೆಯಲು ಹೊರಟರೆ ಏನು ಮಾಡ್ತೀರಿ?

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಕೃಷಿ ಪುಟ ನೋಡುವ ಹಿರಿಯರೊಬ್ಬರಿದ್ದರು. ಜಾನುವಾರಿನ ಲೇಖನ ತಿದ್ದುವ ಮೊದಲು ನನ್ನನ್ನು ಹತ್ತಿರದ ಕೊಟ್ಟಿಗೆಗೆ ಕಳಿಸುತ್ತಿದ್ದರು. ಅಲ್ಲಿ ಒಬ್ಬ ಅಜ್ಜಿ ಹಸುವಿನ ಗಂಗೆದೊಗಲು, ಕಿವಿಯ ಬುಡ, ಕೆಚ್ಚಲ ಸಂದಿಯಲ್ಲಿ ಬೆರಳಾಡಿಸಿ ಉಣ್ಣೆ ಕೀಳುತ್ತಿದ್ದರು. ಹರಳು ಬೀಜದಂತೆ ಉಬ್ಬಿದ್ದು ಹೆಣ್ಣು. ಅದರ ಹೊಟ್ಟೆಯಡಿ ಅಂಟಿಕೊಂಡ ಸಣ್ಣದು ಗಂಡು. ವಾಪಸ್ ಬಂದರೆ ಹಿರಿಯರು ಕೇಳುತ್ತಿದ್ದರು: ‘ಎಲ್ಲಿ ಕಚ್ಚಿತ್ತು? ಎಷ್ಟು ದೊಡ್ಡದಿತ್ತು? ಅಜ್ಜಿ ಏನಂದರು?’ ಉತ್ತರ ಹೇಳಿದ ಮೇಲೇ ಹಸ್ತಪ್ರತಿ ಕೈಗೆ ಕೊಡುತ್ತಿದ್ದರು.

ಅಲ್ಲಿ ನೋಡಿದ್ದು ದನದ ಉಣ್ಣೆ, ರೈಪಿಸೆಫಾಲಸ್ ಮೈಕ್ರೊಪ್ಲಸ್. ಮರಿಯಾಗಿ ಹತ್ತಿದ್ದು ಮೊಟ್ಟೆ ಇಡಲು ಉದುರುವವರೆಗೂ ಅದೇ ದನದ ಮೇಲೆ ಇರುತ್ತದೆ. ಅದಕ್ಕೆ ನಿಮ್ಮ ಪಟ್ಟಿಯ ‘ಒಂದು ಉಣ್ಣೆ, ಒಂದು ಪ್ರಾಣಿ’ ಲೆಕ್ಕ ಸರಿ. ಸ್ಪಿನಿಜೆರಾಕ್ಕೆ ಆ ಲೆಕ್ಕ ನಡೆಯುವುದಿಲ್ಲ.

ಹಾಗಾಗಿ ಪಟ್ಟಿಯಲ್ಲಿ ಮರಿ, ಎಳೆಯದು, ಬೆಳೆದದ್ದು ಅಂತ ಮೂರು ಕಾಲಂ ಮಾಡಿ. ಮಂಗಗಳು ಕಾಯಿಲೆ ಹರಡುತ್ತವೆ ಅನ್ನುವ ಸಾಲು ತೆಗೆದುಹಾಕಿ. ಹಾವಿನ ಉಣ್ಣೆಯ ಭಾಗವನ್ನು ಮುಟ್ಟಬೇಡಿ. ಎಳೆ ಉಣ್ಣೆಯ ಕಾಟ ಡಿಸೆಂಬರ್‌ನಿಂದ ಜಾಸ್ತಿಯಾಗುತ್ತದೆ, ಜನ ದರಗಿಗೆ ಕಾಡಿಗೆ ಹೋಗುವುದೂ ಆಗಲೇ. ಅದಕ್ಕೆ ಮೊದಲು, ನವೆಂಬರ್ ಸಂಚಿಕೆಯಲ್ಲಿ ಇದು ಬರಬೇಕು ಅಂತ ನನ್ನ ಆಸೆ. ಅಕ್ಟೋಬರ್ ಮೊದಲ ವಾರದೊಳಗೆ ಕಳಿಸಿ.