ಈರಿಂಗನ್ ಊರಿನ ಬಿಸಿಲಿಗೆ ಜ್ವಾಲಾಮುಖಿ ಕಾರಣವೇ?

ಪ್ರಶ್ನೆ: ಮಗಳು ಜರ್ಮನಿಯ ಫ್ರೈಬುರ್ಗ್‌ನಲ್ಲಿ ಓದುತ್ತಿದ್ದಾಳೆ. ಏಪ್ರಿಲ್‌ನಲ್ಲಿ ನಮ್ಮನ್ನು ಹತ್ತಿರದ ಈರಿಂಗನ್ ಎಂಬ ಹಳ್ಳಿಗೆ ಕರೆದೊಯ್ದಿದ್ದಳು. ದೂರದ ಬೆಟ್ಟದ ಮೇಲೆ ಹಿಮ ಕಾಣುತ್ತಿದ್ದರೂ ಊರಿನಲ್ಲಿ ಸ್ವೆಟರ್ ತೆಗೆಯುವಷ್ಟು ಬಿಸಿಲು. ಊರ ಹಿಂದಿನ ಗುಡ್ಡ ಹಳೆಯ ಜ್ವಾಲಾಮುಖಿಯಂತೆ. ಈ ಬಿಸಿ ಅದರದ್ದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಅಲ್ಲ. ಕೈಸರ್‌ಶ್ಟೂಲ್ ಗುಡ್ಡಗಳ ಜ್ವಾಲಾಮುಖಿ ಆರಿ ಸುಮಾರು 1.5 ಕೋಟಿ ವರ್ಷಗಳಾಗಿವೆ. ಆ ಊರನ್ನು ಬೆಚ್ಚಗಿಟ್ಟಿರುವುದು ಗಾಳಿ ಬರುವ ದಾರಿ.

ಈರಿಂಗನ್ ಇರುವುದು ರೈನ್ ನದಿಯ ಬಯಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಿವೆ. ಅಲ್ಲಿನ ಫೆಲ್ಡ್‌ಬರ್ಗ್ ಶಿಖರದ ಎತ್ತರ 1,493 ಮೀಟರ್. ನೀವು ಹಿಮ ಕಂಡದ್ದು ಆ ಕಡೆಗೇ ಇರಬೇಕು. ಪಶ್ಚಿಮಕ್ಕೆ ಫ್ರಾನ್ಸಿನ ವೋಜ್ ಪರ್ವತಸಾಲು. ಅಟ್ಲಾಂಟಿಕ್ ಕಡೆಯ ಮೋಡಗಳು ವೋಜ್ ಏರುವಾಗಲೇ ಮಳೆ ಸುರಿಸಿಬಿಡುತ್ತವೆ. ಈಚೆಗೆ ಇಳಿಯುವ ಗಾಳಿ ಒಣಗಿ ಬೆಚ್ಚಗಾಗುತ್ತದೆ. ಘಟ್ಟ ದಾಟಿ ನಿಮ್ಮೂರಿನಿಂದ ಗದಗದ ಕಡೆ ಹೋದಂತೆ ಮಳೆ ಇಳಿಯುವುದೂ ಇಂಥದೇ ಮಳೆನೆರಳಿನಿಂದ. ಇದರ ಜೊತೆಗೆ ವೋಜ್ ಮತ್ತು ಯೂರಾ ಬೆಟ್ಟಗಳ ನಡುವೆ ಒಂದು ಕಂಡಿಯಿದೆ. ಮೆಡಿಟರೇನಿಯನ್ ಸೀಮೆಯ ಬೆಚ್ಚನೆಯ ಗಾಳಿ ರೋನ್ ಕಣಿವೆ ಹಿಡಿದು ಬಂದು ಅಲ್ಲಿಂದ ಒಳನುಗ್ಗುತ್ತದೆ. ಜರ್ಮನಿಯಲ್ಲೇ ಅತಿ ಬೆಚ್ಚನೆಯ ಊರೆಂಬ ಹೆಸರು ಈರಿಂಗನ್‌ಗೆ ಬಂದದ್ದು ಹೀಗೆ.

ಜ್ವಾಲಾಮುಖಿಯ ಪಾಲು ಏನೂ ಇಲ್ಲವೆಂದಲ್ಲ. ವಿಂಕ್ಲರ್‌ಬರ್ಗ್ ಇಳಿಜಾರಿನ ಕಪ್ಪು ಕಲ್ಲು ಹಗಲ ಬಿಸಿಲನ್ನು ಹೀರಿ, ಕತ್ತಲಾದ ಮೇಲೆ ದ್ರಾಕ್ಷಿ ಬಳ್ಳಿಗಳಿಗೆ ಮರಳಿಸುತ್ತದೆ. ಉಳಿದ ಕಡೆ ಹಿಮಯುಗದ ಗಾಳಿ ತಂದು ಸುರಿದ ಲೋಸ್ ಎಂಬ ಹಳದಿ ಧೂಳುಮಣ್ಣು. ಬೆರಳಲ್ಲಿ ಉಜ್ಜಿದರೆ ಕಡಲೆಹಿಟ್ಟಿನಷ್ಟು ನುಣುಪು. ಆದರೂ ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ.

ಆದರೆ ಬೆಚ್ಚನೆಯ ಊರೆಂದು ಮೈಮರೆಯುವಂತಿಲ್ಲ. ಚಳಿಗಾಲದಲ್ಲಿ ಫೆಲ್ಡ್‌ಬರ್ಗ್ ಮೇಲೆ ಬಿಸಿಲಿದ್ದಾಗಲೂ ರೈನ್ ಬಯಲು ದಿನಗಟ್ಟಲೆ ಮಂಜಿನಲ್ಲಿ ಮುಳುಗಿರುವುದುಂಟು. ಬಳ್ಳಿ ಚಿಗುರುವ ಏಪ್ರಿಲ್ ರಾತ್ರಿಗಳಂತೂ ರೈತರ ನಿದ್ದೆ ಕೆಡಿಸುತ್ತವೆ. 1970ರ ದಶಕದಲ್ಲಿ ಕೈಸರ್‌ಶ್ಟೂಲ್‌ನಲ್ಲಿ ಹಳೆಯ ಸಣ್ಣ ಮೆಟ್ಟಿಲು ಹೊಲಗಳನ್ನು ಒಡೆದು, ಯಂತ್ರಗಳಿಗೆಂದು ಭಾರೀ ಮೆಟ್ಟಿಲುಗಳನ್ನು ಕಟ್ಟಿದರು. ಮಳೆನೀರು ಕೊಚ್ಚಿಹೋಗದಿರಲೆಂದು ಅವನ್ನು ಗುಡ್ಡದ ಕಡೆಗೇ ವಾಲಿಸಿದ್ದರು. ತಂಪು ಗಾಳಿ ಭಾರವಾದದ್ದು, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಅದು ಇಳಿದುಹೋಗಲಾರದೆ ಮೆಟ್ಟಿಲುಗಳಲ್ಲೇ ಮಡುಗಟ್ಟಿತು. ಬಳ್ಳಿಗಳು ಹಿಮಕ್ಕೆ ಸುಟ್ಟುಹೋದವು. ಗುಡ್ಡ ತಲೆಮಾರುಗಳಿಂದ ಹೊಂದಿಸಿಕೊಂಡಿದ್ದ ಗಾಳಿಯ ದಾರಿಯನ್ನು ಕೇಳದೆ ಮುಚ್ಚಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಮತ್ತೆ ಹೋಗುವುದಿದ್ದರೆ ಜೂನ್ ಕೊನೆಯಲ್ಲೋ ಜುಲೈನಲ್ಲೋ ಹೋಗಿ. ಲೋಸ್ ಗೋಡೆಗಳಲ್ಲಿ ಮುಷ್ಟಿಗಾತ್ರದ ತೂತುಗಳಿರುತ್ತವೆ. ದೂರ ನಿಂತು ಸದ್ದಿಲ್ಲದೆ ನೋಡಿ: ಆಫ್ರಿಕಾದಿಂದ ಬಂದ ಹಳದಿ ಕೊರಳಿನ ಕಳ್ಳಿಪೀರ ದುಂಬಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮರಿಗಳಿರುವ ತೂತಿಗೆ ನುಗ್ಗುತ್ತದೆ.