ಕೆಳಗಿನ ಮುಂಹಲ್ಲಿನ ವಸಡು ಇಳಿದಿದೆ, ಅಂಗುಳದಿಂದ ಕಸಿ ಮಾಡಿಸಲೇಬೇಕೇ?

ಚಳ್ಳಕೆರೆಯಿಂದ ಕೇಳಿದ್ದೀರಿ: ಕೆಳಗಿನ ಮುಂಹಲ್ಲೊಂದರ ಬೇರು ಕಾಣುತ್ತಿದೆ, ಒಬ್ಬ ವೈದ್ಯರು ಅಂಗುಳದಿಂದ ತುಂಡು ತೆಗೆದು ಕಸಿ ಮಾಡೋಣ ಎಂದರು, ಇನ್ನೊಬ್ಬರು ನಿಮ್ಮ ರಕ್ತದಿಂದಲೇ ಪೊರೆ ತಯಾರಿಸಿ ಇಟ್ಟರೆ ಸಾಕು ಎಂದರು, ಯಾರನ್ನು ನಂಬಲಿ?

ದಾವಣಗೆರೆಯಲ್ಲಿ ವಸಡಿನ ಚಿಕಿತ್ಸೆಯನ್ನೇ ಮಾಡಿಕೊಂಡು ಬಂದವನು ನಾನು. ಬಾಯಿ ನೋಡದೆ ತೀರ್ಪು ಕೊಡಲಾರೆ. ಆದರೆ ಇಬ್ಬರನ್ನೂ ಒಂದು ಮಾತು ಕೇಳಿ: ಈ ಶಸ್ತ್ರಚಿಕಿತ್ಸೆ ಬೇರನ್ನು ಮುಚ್ಚುವುದಕ್ಕೋ, ವಸಡನ್ನು ದಪ್ಪ ಮಾಡುವುದಕ್ಕೋ? ಉತ್ತರಕ್ಕೆ ತಕ್ಕಂತೆ ವಿಧಾನವೂ ಬದಲಾಗುತ್ತದೆ.

ಬೇರು ಮುಚ್ಚುವುದೇ ಉದ್ದೇಶವಾದರೆ ಸಾಮಾನ್ಯವಾಗಿ ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್. ಅಂಗುಳದ ಮೇಲ್ಪದರವನ್ನು ಹಾಗೆಯೇ ಬಿಟ್ಟು ಒಳಗಿನ ಪದರವನ್ನು ಮಾತ್ರ, ಒಂದು ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ತೆಗೆದು, ಬೇರಿನ ಮೇಲಿಟ್ಟು, ಅಲ್ಲಿನ ವಸಡನ್ನೇ ಸಡಿಲಿಸಿ ಅದರ ಮೇಲೆಳೆದು ಹೊಲಿಯುತ್ತಾರೆ. ಕೆಳಗಿನಿಂದಲೂ ಮೇಲಿನಿಂದಲೂ ರಕ್ತ ಸಿಗುವುದರಿಂದ ಕಸಿ ಚೆನ್ನಾಗಿ ಹಿಡಿಯುತ್ತದೆ, ಬಣ್ಣವೂ ಹೊಂದುತ್ತದೆ.

ಕೆಳಗಿನ ಮುಂಹಲ್ಲುಗಳ ಕಥೆ ಬೇರೆ. ಅಲ್ಲಿನ ವಸಡು ಹಲವರಲ್ಲಿ ತೀರಾ ತೆಳು. ತುಟಿಯಿಂದ ಬರುವ ಎಳೆ ಅದನ್ನು ಜಗ್ಗುತ್ತಿರುತ್ತದೆ, ಬ್ರಷ್ ತಾಗಿದರೂ ಉರಿಯುತ್ತದೆ. ಅಂಥಲ್ಲಿ ವಸಡನ್ನು ದಪ್ಪ ಮಾಡಲು ನಾನು 1960ರ ದಶಕದಿಂದ ಬಳಕೆಯಲ್ಲಿರುವ ಫ್ರೀ ಜಿಂಜೈವಲ್ ಗ್ರಾಫ್ಟ್ ಮಾಡುತ್ತೇನೆ. ಇದರಲ್ಲಿ ಅಂಗುಳದ ಮೇಲ್ಪದರವೂ ಸೇರಿ ಬರುವುದರಿಂದ ಗಾಯ ತೆರೆದೇ ಇರುತ್ತದೆ. ಕಸಿ ಮಾಡಿದ ಜಾಗ ಬಿಳಿಚಿದ ತೇಪೆಯಂತೆ ಕಾಣುತ್ತದೆ, ನಿಜ. ಅದನ್ನು ನೋಡುವವರು ಯಾರು? ಕೆಳತುಟಿ ಮುಚ್ಚಿಕೊಂಡಿರುತ್ತದೆ. ಸಿಗುವುದು ಗಟ್ಟಿ ವಸಡು. ಬೇರು ಪೂರ್ತಿ ಮುಚ್ಚದಿದ್ದರೂ, ಕೆಲವರಲ್ಲಿ ತಿಂಗಳುಗಳು ಕಳೆದಂತೆ ವಸಡು ತಾನಾಗಿಯೇ ಸ್ವಲ್ಪ ಮೇಲೇರುತ್ತದೆ.

ರಕ್ತದ ಪೊರೆ ಎಂದರೆ ಪಿ.ಆರ್.ಎಫ್. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಹೆಪ್ಪುಗಟ್ಟಿದ ಪದರವನ್ನು ಒತ್ತಿ ಪೊರೆ ಮಾಡುತ್ತಾರೆ. ಗಾಯ ಮಾಯಲು ಇದು ಒಳ್ಳೆಯದು. ಅಂಗುಳದ ಗಾಯದ ಮೇಲೆ ನಾನೂ ಇಡುತ್ತೇನೆ. ಆದರೆ ತೆಳು ವಸಡಿಗೆ ದಪ್ಪ ಬೇಕಿರುವಾಗ ಇದೊಂದನ್ನೇ ನೆಚ್ಚಿಕೊಳ್ಳಲಾರೆ. ಅಂಗುಳ ಮುಟ್ಟುವುದೇ ಬೇಡ ಎನ್ನುವವರಿಗೆ ಕೊಲಾಜನ್ ಎಂಬ ಪ್ರೋಟೀನಿನ ಸಿದ್ಧ ಹಾಳೆಗಳೂ ಸಿಗುತ್ತವೆ, ದುಬಾರಿ. ಅವುಗಳಲ್ಲಿ ಹಲವು ಹಂದಿ ಅಥವಾ ದನದ ಮೂಲದವು. ನಮ್ಮ ಕಡೆ ಇದು ಹಲವರಿಗೆ ಮುಖ್ಯ ವಿಷಯ, ಆದ್ದರಿಂದ ಯಾವುದರಿಂದ ಮಾಡಿದ್ದು ಎಂದು ಮೊದಲೇ ಕೇಳಿ.

ಇನ್ನು ಮೂಳೆ. ಹಲ್ಲು ಹಲ್ಲುಗಳ ನಡುವಿನ ಮೂಳೆ ಕರಗಿದ್ದರೆ ಯಾವ ಕಸಿಯಿಂದಲೂ ಬೇರು ಪೂರ್ತಿ ಮುಚ್ಚುವ ಭರವಸೆ ಇರುವುದಿಲ್ಲ. ವಸಡು ಇಳಿದಿರುವುದನ್ನು ಹಂತಗಳಾಗಿ ವಿಂಗಡಿಸಿ 1985ರಲ್ಲಿ ಮಿಲ್ಲರ್ ಎಂಬ ದಂತವೈದ್ಯರು ಮಾಡಿದ ವರ್ಗೀಕರಣವೂ ಇದನ್ನೇ ಹೇಳುತ್ತದೆ. ಎಕ್ಸ್‌ರೇ ತೆಗೆಸದೆ, ಆ ಮೂಳೆಯನ್ನು ಅಳೆಯದೆ ನೂರಕ್ಕೆ ನೂರು ಮುಚ್ಚುತ್ತೇನೆ ಎನ್ನುವವರಿಂದ ದೂರವಿರಿ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಮೊದಲು ಅದು ನಿಲ್ಲಬೇಕು. ಗಟ್ಟಿ ಬ್ರಷ್‌ನಿಂದ ಅಡ್ಡಡ್ಡ ಉಜ್ಜುವುದೂ ನಿಲ್ಲಬೇಕು. ಹಲ್ಲಿನ ಹಿಂಬದಿಯ ಕಿಟ್ಟ ತೆಗೆಸಿ. ಕುಸಿತ ಮುಂದುವರಿಯುತ್ತಿಲ್ಲ, ತಣ್ಣೀರಿಗೆ ಜುಮ್ಮೆನ್ನುವುದು ಮಾತ್ರ ಎಂದಾದರೆ ಅದಕ್ಕೆಂದೇ ಇರುವ ಪೇಸ್ಟ್ ಹಚ್ಚಿಕೊಂಡು, ಆರು ತಿಂಗಳಿಗೊಮ್ಮೆ ಅಳತೆ ತೆಗೆಸಿ ಕಾಯಬಹುದು.

ನೋವಿನ ಬಗ್ಗೆ: ಅರಿವಳಿಕೆ ಕೊಟ್ಟು ಮಾಡುವುದರಿಂದ ಆಗ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹೆಚ್ಚು ಕಾಡುವುದು ಕಸಿಯಲ್ಲ, ಅಂಗುಳ. ಸುಮಾರು ಎರಡು ವಾರ ಉರಿಯುತ್ತದೆ. ಅಂಗುಳದ ಮೇಲೆ ಕೂರುವ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ತಟ್ಟೆ ಮಾಡಿಸಿಕೊಂಡರೆ ಎಷ್ಟೋ ಸಲೀಸು. ಅಷ್ಟು ದಿನ ಕಸಿ ಮಾಡಿದ ಜಾಗಕ್ಕೆ ಬ್ರಷ್ ಇಲ್ಲ, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರಾವಣದಿಂದ ಮುಕ್ಕಳಿಸುವುದಷ್ಟೇ. ಮಂಡಕ್ಕಿ ಮಿರ್ಚಿಯ ಆಸೆ ಬಿಡಿ. ಮುಖ್ಯವಾಗಿ, ತುಟಿ ಎಳೆದು ಕನ್ನಡಿಯಲ್ಲಿ ನೋಡಿಕೊಳ್ಳಬೇಡಿ. ಮಾವಿಗೆ ಕಸಿ ಕಟ್ಟಿದವರಿಗೆ ಗೊತ್ತು, ಕಟ್ಟು ಅಲುಗಿದರೆ ಕಸಿ ಹಿಡಿಯದು.

ದುಡ್ಡಿನ ಚಿಂತೆಯಿದ್ದರೆ ದಂತ ವೈದ್ಯಕೀಯ ಕಾಲೇಜಿನ ವಸಡು ವಿಭಾಗಕ್ಕೆ ಹೋಗಿ. ದಾವಣಗೆರೆಯಲ್ಲಿ ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ, ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ಇದೆ, ನಿಮಗೆ ಅದೇ ಹತ್ತಿರ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ. ಹಳೆಯ ಎಕ್ಸ್‌ರೇ ಇದ್ದರೆ ಮರೆಯದೆ ಒಯ್ಯಿರಿ.