ವಕೀಲರು ಶಾಸಕರಾದರೆ ನಿರ್ವಸಿತರಿಗೇನು ಲಾಭ?

ಪ್ರಶ್ನೆ: ಭೂಸ್ವಾಧೀನದಲ್ಲಿ ಮನೆ, ಗದ್ದೆ ಕಳೆದುಕೊಂಡವರ ಪರವಾಗಿ ವರ್ಷಗಟ್ಟಲೆ ವಾದಿಸಿದ ನಮ್ಮ ಕಡೆಯ ವಕೀಲರೊಬ್ಬರು ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದಾರೆ. ನ್ಯಾಯಾಲಯದಲ್ಲಿ ಆಗದ್ದನ್ನು ಅವರು ವಿಧಾನಸಭೆಯಲ್ಲಿ ಮಾಡಿಯಾರೆ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ಮನಸ್ಸು ಮಾಡಿದರೆ ಒಂದು ದೊಡ್ಡ ಕೆಲಸ ಮಾಡಬಹುದು. ವಕೀಲರು ಎಷ್ಟೇ ಸಮರ್ಥರಿರಲಿ, ನ್ಯಾಯಾಲಯದಲ್ಲಿ ಅವರು ವಾದಿಸಬೇಕಾದುದು ಇದ್ದ ಕಾಯ್ದೆಯನ್ನು ಹಿಡಿದುಕೊಂಡೇ. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರ ಸಲ್ಲುತ್ತಿದ್ದುದು ಜಮೀನಿನಲ್ಲಿ ಹಕ್ಕುಳ್ಳವರಿಗೆ; ಅದೇ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟು ಬದುಕುತ್ತಿದ್ದ ಹೆಂಗಸಿನ ಹೆಸರು ಜಮೀನಿನ ದಾಖಲೆಯಾದ ಆರ್‌ಟಿಸಿಯಲ್ಲಿ ಇಲ್ಲವಾದ್ದರಿಂದ, ಗದ್ದೆಯೊಂದಿಗೆ ಕೂಲಿಯೂ ಹೋದರೂ ಕಡತದ ಮಟ್ಟಿಗೆ ಆಕೆ ಏನನ್ನೂ ಕಳೆದುಕೊಂಡವಳಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕೇಂದ್ರ ಕಾಯ್ದೆಯು ‘ಬಾಧಿತ ಕುಟುಂಬ’ದ ವ್ಯಾಖ್ಯೆಯಲ್ಲಿ, ಸ್ವಾಧೀನಕ್ಕೆ ಮೊದಲಿನ 3 ವರ್ಷ ಆ ನೆಲವನ್ನೇ ನಂಬಿ ದುಡಿದ ಕೃಷಿಕೂಲಿಗಳನ್ನೂ ಗೇಣಿದಾರರನ್ನೂ, ಕಾಡುತ್ಪತ್ತಿ ಸಂಗ್ರಹಿಸುವವರನ್ನೂ, ಮೀನುಗಾರರನ್ನೂ ಸೇರಿಸಿತು. ಕಾಡಿನಿಂದ ಬಳ್ಳಿ ಕಡಿದು ತಂದು ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟಿನ ಕುಟುಂಬಕ್ಕೆ ಲೆಕ್ಕದಲ್ಲಿ ಜಾಗ ಸಿಕ್ಕಿದ್ದು ಹೀಗೆ. ಆ 3 ವರ್ಷಗಳ ದುಡಿಮೆಗೆ ಬುಟ್ಟಿ ಹೆಣೆಯುವವರು ಯಾವ ರಶೀದಿ ತೋರಿಸಬೇಕು ಎಂಬುದು ಬೇರೆಯೇ ತಾಪತ್ರಯ.

ವಕೀಲರಿದ್ದರೆ ಬಡವರಿಗೆ ಒಳಿತೇ ಆಗುತ್ತದೆ ಎಂದೂ ನಾನು ಹೇಳಲಾರೆ. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ನಮ್ಮ ಜಿಲ್ಲೆಯ ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಒಕ್ಕಲುಗಳು ಭೂಮಿಯ ಹಕ್ಕು ಕೇಳಿ ಡಿಕ್ಲರೇಶನ್ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಎದುರು ನಿಂತಾಗ, ಅಲ್ಲಿ ವಕೀಲರು ವಾದಿಸುವುದನ್ನೇ ಕಾಯ್ದೆ ನಿಷೇಧಿಸಿತ್ತು. ಧಣಿಗಳ ಕಡೆ ಹೆಸರಾಂತ ವಕೀಲರು ಎದ್ದುನಿಂತರೆ ಒಕ್ಕಲಿನ ಬಾಯಿ ಕಟ್ಟೀತು ಎಂಬ ಅಂಜಿಕೆ ಅದರ ಹಿಂದೆ ಇದ್ದಿರಬೇಕು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ವಕೀಲರ ಹಕ್ಕಿನ ದೃಷ್ಟಿಯಿಂದ ಅದು ಸರಿಯಾದರೂ, ಮೊದಲಿನ ಏರ್ಪಾಡಿನಲ್ಲಿ ಒಂದು ವಿವೇಕವಿತ್ತೆಂದೇ ನನಗೆ ಅನ್ನಿಸುತ್ತದೆ.

ಇನ್ನು ನಿಮ್ಮ ವಕೀಲರ ವಿಷಯ. ಕೈಗಾರಿಕೆಗಳಿಗಾಗಿ ನಮ್ಮ ರಾಜ್ಯದಲ್ಲಿ ಭೂಮಿ ಪಡೆಯುವುದು ಬಹುಮಟ್ಟಿಗೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ‘ಬಾಧಿತ ಕುಟುಂಬ’ದ ಈ ವ್ಯಾಖ್ಯೆ ಅದರಲ್ಲಿಲ್ಲ. ಅದು ರಾಜ್ಯದ ಕಾಯ್ದೆ, ತಿದ್ದುವ ಅಧಿಕಾರ ಶಾಸಕರದ್ದೇ. ಮತ ಕೇಳಲು ಮನೆಗೆ ಬಂದಾಗ, ಆ ವ್ಯಾಖ್ಯೆಯನ್ನು 1966ರ ಕಾಯ್ದೆಗೆ ಸೇರಿಸುವ ಖಾಸಗಿ ಮಸೂದೆಯನ್ನು ಮಂಡಿಸುವಿರಾ ಎಂದು ಕೇಳಿ. ಆ ಕಲಮಿನ ಕರಡು ಈಗಲೇ ಅವರ ಚೀಲದಲ್ಲಿದ್ದರೆ ಅದನ್ನು ಓದಿಸಿ, ಕೂತು ಕೇಳಿ.